ಬಾಯಲ್ಲಿದ್ದ ಉತ್ತರ



ಹಲವು ವರ್ಷಗಳ ಹಿಂದೆ ಹುಮನಾಬಾದಿನಲ್ಲಿ ನಾನು ಐದನೆಯ ತರಗತಿಗೆ ಕನ್ನಡ ಪಾಠ ಹೇಳುತ್ತಿದ್ದೆ. ಅಲ್ಲೊಬ್ಬ ಹುಡುಗನಿದ್ದ. ತಂದೆಯೊಡನೆ ತೊಗರಿ ಮಾರಲು ಹೋದಾಗ ತೂಕ, ಬೆಲೆಗಳನ್ನೆಲ್ಲ ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಿದ್ದ. ಆದರೆ ಪುಸ್ತಕ ತೆರೆದರೆ ‘ಪ’ ಮತ್ತು ‘ಷ’, ‘ಬ’ ಮತ್ತು ‘ಭ’ ಅವನಿಗೆ ಅದಲುಬದಲಾಗುತ್ತಿದ್ದವು. ‘ಕಲ್ಯಾಣ’ ಎಂದು ಬರೆಯುವಾಗ ಒತ್ತಕ್ಷರ ಪ್ರತಿ ಬಾರಿಯೂ ಬಿಟ್ಟುಹೋಗುತ್ತಿತ್ತು. ಸೋಮಾರಿತನವೆಂದು ತಿಳಿದ ನಾನು ಒಂದೇ ಪುಟವನ್ನು ಹತ್ತು ಸಲ ಬರೆಯಿಸಿದೆ. ಹತ್ತು ಸಲವೂ ತಪ್ಪಾದಾಗ ಬಾಗಿಲ ಹೊರಗೆ ನಿಲ್ಲಿಸಿದೆ. ಬೇಸಿಗೆ ರಜೆಯ ಬಳಿಕ ಅವನು ಶಾಲೆಗೆ ಮರಳಲಿಲ್ಲ. ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದ್ದ ನನಗೆ ಒಂದು ಮಗುವಿನ ಕಷ್ಟವನ್ನು ಓದಲು ಬಂದಿರಲಿಲ್ಲ.

ಇತ್ತೀಚೆಗೆ ಬಸವಕಲ್ಯಾಣದಲ್ಲಿ ಬಲಿಪೂಜೆಯ ನಂತರ ಒಬ್ಬ ತಾಯಿ ಮಗಳ ಕೈಹಿಡಿದು ಬಂದರು. “ನಮ್ಮ ಹುಡುಗಿ ದಡ್ಡ ಇದ್ದಾಳೇನ್ರಿ ಫಾದರ್?” ಎಂದು ಮೆಲ್ಲಗೆ ಕೇಳಿದರು. ಮಗು ನೆಲ ನೋಡುತ್ತಿತ್ತು. ನನ್ನ ಕಣ್ಣ ಮುಂದೆ ಆ ಹಳೆಯ ಹುಡುಗ ಬಂದು ನಿಂತ.

ಅಂದು ನನಗೆ ತಿಳಿಯದಿದ್ದುದನ್ನು ಆ ತಾಯಿಗೆ ಹೇಳಿದೆ; ನಿಮಗೂ ಹೇಳುತ್ತೇನೆ. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಬುದ್ಧಿಯ ಕೊರತೆಯಲ್ಲ, ಸೋಮಾರಿತನವೂ ಅಲ್ಲ. ಅಕ್ಷರವನ್ನೂ ಅದರ ಧ್ವನಿಯನ್ನೂ ಬೆಸೆಯುವ ಕೆಲಸ ಕೆಲವು ಮಕ್ಕಳಿಗೆ ಪ್ರಯಾಸಕರ. ಮೊದಲು ಕಣ್ಣು, ಕಿವಿ ಪರೀಕ್ಷಿಸಬೇಕು. ನಮ್ಮ ಗಡಿನಾಡಿನಲ್ಲಿ ಮರಾಠಿ, ಉರ್ದು, ತೆಲುಗು, ಲಂಬಾಣಿ ಮನೆಮಾತಾಗಿರುವ ಮಕ್ಕಳೂ ಕನ್ನಡ ಓದಲು ತಡವರಿಸುತ್ತಾರೆ. ಅದು ನ್ಯೂನತೆಯಲ್ಲ, ಭಾಷೆ ಹೊಸದು. ಇದನ್ನು ಬೇರ್ಪಡಿಸಿ ತಿಳಿಯಲು ತಜ್ಞರು ಬೇಕು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ.

1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಈ ತೊಂದರೆಗೆ ಸ್ಥಾನವೇ ಇರಲಿಲ್ಲ. 2016ರ ಕಾಯ್ದೆ ಹೆಸರಿಸಿದ 21 ಬಗೆಯ ವೈಕಲ್ಯಗಳಲ್ಲಿ ಇದೂ ಸೇರಿತು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಉತ್ತರ ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಮುಂತಾದ ಅನುಕೂಲಗಳನ್ನು ಆ ಕಾಯ್ದೆ ಹೇಳುತ್ತದೆ. ಇದು ಉಳಿದ ಮಕ್ಕಳಿಗೆ ಅನ್ಯಾಯವೆನ್ನುವವರುಂಟು. ಕಣ್ಣು ಮಂಜಾದ ಮಗುವಿಗೆ ಕನ್ನಡಕ ಕೊಟ್ಟರೆ ಪಕ್ಕದ ಮಗುವಿಗೇನು ನಷ್ಟ?

ಬಸವಕಲ್ಯಾಣದ ನೆಲಕ್ಕೆ ಇದು ಹೊಸ ಮಾತೇನೂ ಅಲ್ಲ. ವಚನವೆಂದರೆ ಆಡಿದ ಮಾತು. ಹನ್ನೆರಡನೆಯ ಶತಮಾನದಲ್ಲಿ ಹಗ್ಗ ಹೊಸೆಯುವ ಚಂದಯ್ಯನಿಗೂ ಅಕ್ಕಿ ಆಯುವ ಲಕ್ಕಮ್ಮನಿಗೂ ಶರಣರ ನಡುವೆ ಮಾತನಾಡುವ ಸ್ಥಾನವಿತ್ತು. ಆಡಿದ ಮಾತೇ ಸಾಹಿತ್ಯವಾದ ಊರಿನಲ್ಲಿ, ಬಾಯಲ್ಲಿ ಉತ್ತರವಿರುವ ಮಗುವನ್ನು ಬರೆಯಲು ಬರದೆಂದು ಹೊರಗೆ ನಿಲ್ಲಿಸುವುದೇ?

ಆ ಹುಡುಗಿಯ ಶಿಕ್ಷಕಿ ಈಗ ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಪಾಠವನ್ನು ಚಿಕ್ಕ ಭಾಗಗಳಾಗಿ ಓದಿ ಹೇಳಿ, ಉತ್ತರವನ್ನು ಬಾಯಲ್ಲಿ ಕೇಳುತ್ತಾರೆ. ಎಲ್ಲರೆದುರು ಗಟ್ಟಿಯಾಗಿ ಓದಿಸುವುದಿಲ್ಲ. ಬರವಣಿಗೆ ಇನ್ನೂ ತೊಡಕಾಗಿಯೇ ಇದೆ. ಆದರೆ ಮಗು ತಲೆಯೆತ್ತಿ ಶಾಲೆಗೆ ಹೋಗುತ್ತಿದೆ.

ಜೆರಿಕೋವಿನ ದಾರಿಯಲ್ಲಿ ಕುರುಡ ಬಾರ್ತಿಮಾಯನನ್ನು ಜನರು ಗದರಿಸಿದರು. ಯೇಸುವಾದರೋ ನಿಂತು, ಅವನಿಗೆ ಬೇಕಾದುದೇನೆಂದು ಅವನನ್ನೇ ಕೇಳಿದರು. ಪ್ರಿಯರೇ, ಇಂದು ಸಂಜೆ ನಿಮ್ಮ ಮಗು ಪುಸ್ತಕದ ಮುಂದೆ ಕಣ್ಣೀರಿಟ್ಟರೆ, ಪಕ್ಕದ ಮನೆಯ ಮಗುವಿಗೆ ಹೋಲಿಸಿ ಬೈಯಬೇಡಿ. “ಎಲ್ಲಿ ಕಷ್ಟವಾಗುತ್ತದೆ ಮಗಾ?” ಎಂದು ಕೇಳಿ. ಹುಮನಾಬಾದಿನಲ್ಲಿ ನಾನು ಕೇಳದೇ ಹೋದ ಪ್ರಶ್ನೆ ಅದು.