ಶಾಲೆ ಬಿಟ್ಟ ಮೇಲೆ ಮಗು ಯಾರ ಕೈಯಲ್ಲಿ?

ಮಗುವನ್ನು ಎಲ್.ಕೆ.ಜಿ.ಗೆ ಸೇರಿಸುವಾಗ ನಾವು ಬಹಳಷ್ಟು ವಿಚಾರಿಸುತ್ತೇವೆ. ಫೀಸು ಎಷ್ಟು, ಇಂಗ್ಲಿಷ್ ಚೆನ್ನಾಗಿ ಕಲಿಸುತ್ತಾರೆಯೇ, ಅರಬಿ ತರಗತಿಯ ಸಮಯಕ್ಕೆ ತೊಂದರೆಯಾಗುವುದೇ ಎಂದೆಲ್ಲ ಕೇಳುತ್ತೇವೆ. ಆದರೆ ಶಾಲೆ ಬಿಟ್ಟ ಮೇಲೆ ಮಗುವನ್ನು ಕರೆತರುವವರು ಯಾರು, ತಾಯಿ ಕೆಲಸದಿಂದ ಬರುವ ತನಕ ಅದು ಯಾರ ಕಣ್ಣೆದುರು ಇರುತ್ತದೆ ಎಂಬ ಪ್ರಶ್ನೆ ಮಾತ್ರ ಅನೇಕ ಮನೆಗಳಲ್ಲಿ ಏಳುವುದೇ ಇಲ್ಲ. "ಯಾರಾದರೂ ನೋಡಿಕೊಳ್ಳುತ್ತಾರೆ" ಎಂಬ ಒಂದು ಮಾತಿನಲ್ಲಿ ಅದು ಮುಗಿದುಹೋಗುತ್ತದೆ. ಆ 'ಯಾರಾದರೂ' ಯಾರೆಂದು ನನಗೆ ತೋರಿಸಿಕೊಟ್ಟದ್ದು ನನ್ನ ತರಗತಿಯ ಹಾಜರಿ ಪುಸ್ತಕ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ದಿನವೂ ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷ ಇರುವಾಗ ಎದ್ದು ನಿಲ್ಲುತ್ತಿದ್ದಳು. "ಮಿಸ್, ತಮ್ಮನ್ನ ಕರ್ಕೊಂಡು ಬರ್ಬೇಕು." ತಮ್ಮ ಇನ್ನೊಂದು ಶಾಲೆಯಲ್ಲಿ ಯು.ಕೆ.ಜಿ. ಅವನನ್ನು ಮನೆಗೆ ಕರೆತಂದು, ತಿನ್ನಲು ಕೊಟ್ಟು, ತಾಯಿ ಬರುವ ತನಕ ಕಾಯಬೇಕು. ಕೊನೆಯ ಎರಡು ಪೀರಿಯಡ್ ಹೆಚ್ಚಿನ ದಿನ ಗಣಿತ ಮತ್ತು ವಿಜ್ಞಾನ. ಏಳನೇ ತರಗತಿಯವರೆಗೆ ಗಣಿತದಲ್ಲಿ ಮುಂದಿದ್ದ ಹುಡುಗಿ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪಾಸಾಗುವಷ್ಟು ಅಂಕವನ್ನೂ ಪಡೆಯಲಿಲ್ಲ. ಮನೆಯವರು ಇದನ್ನು ನೋಡಿ ತೀರ್ಮಾನಿಸಿದ್ದು ಒಂದೇ: "ಇವಳಿಗೆ ಓದು ಹತ್ತುವುದಿಲ್ಲ."

ನಾನು ಅವರ ಮನೆಗೆ ಹೋದೆ. ತಾಯಿ ತಿಪಟೂರಿನ ಕಾಯಿ ಪುಡಿ ಕಾರ್ಖಾನೆಯೊಂದರಲ್ಲಿ ಕೊಬ್ಬರಿಯ ಮೇಲಿನ ಕಂದು ಸಿಪ್ಪೆ ಹೆರೆಯುವ ಕೆಲಸ ಮಾಡುತ್ತಾರೆ. ತಂದೆ ಮಂಡಿಯಲ್ಲಿ ಹಮಾಲಿ. "ಏನ್ ಮಾಡ್ಲಿ ಆಪಾ, ಕಿಲೋ ಲೆಕ್ಕದಲ್ಲಿ ಕೂಲಿ. ಮೂರು ಗಂಟೆಗೆ ಎದ್ದು ಬಂದ್ರೆ ಅರ್ಧ ಕೂಲಿ ಹೋಯ್ತು. ಮಗಳು ಇದ್ದಾಳಲ್ಲ ಅಂತ ಧೈರ್ಯ" ಎಂದರು ಆ ತಾಯಿ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹೆರೆದು ಹೆರೆದು ಅವರ ಬೆರಳುಗಳು ಗಾಯಗೊಂಡಿದ್ದವು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬದುಕು ತೆಂಗಿನ ಮೇಲೆ ನಿಂತಿದೆ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕುಳಿತು ಉಂಡೆ ಕೊಬ್ಬರಿಯಾಗುತ್ತದೆ. ಕೊಬ್ಬರಿ, ಕಾಯಿ ಪುಡಿ, ನಾರು, ಹಗ್ಗ, ಕಡ್ಡಿ ಪೊರಕೆ ಎಲ್ಲದರ ಹಿಂದೆಯೂ ಹೆಂಗಸರ ದುಡಿಮೆ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ಪಟ್ಟಣಕ್ಕೆ ಕೆಲಸಕ್ಕೆ ಬರುವುದು ಬಡ ತಾಯಂದಿರಿಗೆ ಸುಲಭವಾಯಿತು. ಆದರೆ ಟಿಕೆಟ್ ಉಚಿತವಾದರೂ ಬಸ್ಸು ತಡವಾದರೆ, ಶಾಲೆಯ ಗೇಟಿನ ಬಳಿ ನಿಂತ ಮಗುವಿಗೆ ಅದರಿಂದ ಪ್ರಯೋಜನವಿಲ್ಲ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಶಿಶುಪಾಲನೆಯ ವ್ಯವಸ್ಥೆ ಇರಬೇಕೆಂದು ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ತಿದ್ದುಪಡಿ ಮಾಡಲಾಯಿತು. ಹತ್ತಿಪ್ಪತ್ತು ಜನ ಕುಳಿತು ಸಿಪ್ಪೆ ಹೆರೆಯುವ ಶೆಡ್ಡುಗಳು ಆ ಲೆಕ್ಕಕ್ಕೆ ಬರುವುದಿಲ್ಲ. 2023ರಲ್ಲಿ ರಾಜ್ಯ ಸರಕಾರ ಉದ್ಯೋಗ ಖಾತರಿಯ ಕೂಲಿ ತಾಯಂದಿರಿಗಾಗಿ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ಘೋಷಿಸಿತು. ಅದು ಒಳ್ಳೆಯ ಕೆಲಸ. ಆದರೆ ಅದು ಕೂಸುಗಳಿಗಾಗಿ. ಪಟ್ಟಣದ ಶಾಲೆಯಿಂದ ಮೂರು ಗಂಟೆಗೆ ಹೊರಬರುವ ಐದು ವರ್ಷದ ಮಗುವಿನ ವ್ಯವಸ್ಥೆಯನ್ನು ನಾವೇ ಮಾಡಿಕೊಳ್ಳಬೇಕು.

ಮಾಡಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದು ತೋಟದ ಅಂಚಿನಲ್ಲಿ ಮನೆಯಿರುವವರಿಗೆ ಗೊತ್ತು. ತೆಂಗಿನ ಮರದಿಂದ ಗರಿ ಬೀಳುವುದಕ್ಕೆ, ಕಾಯಿ ಬೀಳುವುದಕ್ಕೆ ಹೊತ್ತುಗೊತ್ತಿಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಕ್ಕೆ ಜಾರಿದ ಮಗು ಹಿಡಿದು ಹತ್ತಲು ಅಲ್ಲಿ ಏನೂ ಸಿಗದು. ಪಟ್ಟಣದ ಮನೆಗಳಲ್ಲಿ ಮುಚ್ಚಳವಿಲ್ಲದ ಸಂಪು ಇದೆ. ಒಂದು ಗಂಟೆಯ ಹೊತ್ತು ಯಾರೂ ನೋಡದಿದ್ದರೆ ಸಾಕು.

ನಾವು ಆ ದಿನ ಕುಳಿತು ಮಾತಾಡಿದೆವು. ಮಾರುಕಟ್ಟೆಯಲ್ಲಿ ಹರಾಜು ಇಲ್ಲದ ದಿನಗಳಲ್ಲಿ ತಂದೆ ಮೂರು ಗಂಟೆಗೆಲ್ಲ ಬಿಡುವಾಗಿರುತ್ತಾರೆ ಎಂಬುದು ಮಾತಿನ ನಡುವೆ ಹೊರಬಿತ್ತು. ಅದನ್ನು ಅವರಲ್ಲಿ ಯಾರೂ ಕೇಳಿರಲೇ ಇಲ್ಲ! ಮಗುವನ್ನು ಕರೆತರುವುದು ಹೆಂಗಸರ ಕೆಲಸ ಎಂದು ನಾವೇ ತೀರ್ಮಾನಿಸಿಬಿಟ್ಟಿರುತ್ತೇವೆ. ಪ್ರವಾದಿ(ಸ)ಯವರು ಮೊಮ್ಮಗಳು ಉಮಾಮಾರನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದನ್ನು ನಾವು ಹದೀಸ್‌ಗಳಲ್ಲಿ ಓದುತ್ತೇವೆ. ಮಗುವನ್ನು ಎತ್ತಿಕೊಂಡರೆ ಗಂಡಸಿನ ಘನತೆ ಕುಂದುವುದಿಲ್ಲ.

ಉಳಿದ ದಿನಗಳಿಗೆ ಅದೇ ಬೀದಿಯ ಒಬ್ಬ ವಿಧವೆ ಖಾಲಾ ಒಪ್ಪಿದರು. ಅದೇ ಶಾಲೆಗೆ ಹೋಗುವ ಇನ್ನೆರಡು ಮನೆಯ ಮಕ್ಕಳೂ ಸೇರಿದವು. ಆಗ ಹಣದ ಪ್ರಶ್ನೆ ಬಂತು. "ನಮ್ಮ ಖಾಲಾಗೆ ಸಂಬಳ ಕೊಡೋದಾ? ನೋಡಿದವರು ಏನಂತಾರೆ?" ಎಂದು ತಂದೆ ಹಿಂಜರಿದರು. "ದುಡ್ಡು ತಗೊಂಡ್ರೆ ನಾನು ಆಯಾ ಆಗ್ಬಿಡ್ತೀನಿ" ಎಂದು ಖಾಲಾಗೂ ಸಂಕೋಚ. ಆದರೆ ಅವರ ಮನೆಯಲ್ಲಿ ಆ ತಿಂಗಳ ಗ್ಯಾಸ್ ಸಿಲಿಂಡರಿಗೆ ಹಣವಿಲ್ಲ ಎಂಬುದು ಇಡೀ ಬೀದಿಗೆ ಗೊತ್ತಿತ್ತು.

ಮದ್ರಸದಲ್ಲಿ ಓದುವಾಗ ಸೂರಃ ಅಲ್ ಬಕರಃದ 233ನೇ ವಚನವನ್ನು ನಾನು ಮೊಲೆಯುಣಿಸುವ ನಿಯಮಗಳ ಪಾಠವಾಗಿ ಕಲಿತಿದ್ದೆ. ಮಕ್ಕಳನ್ನು ಬೆಳೆಸುವ ತಾಯಂದಿರ ಹೊತ್ತುಗಳನ್ನು ಹತ್ತಿರದಿಂದ ಕಂಡ ಮೇಲೆ ಅದರ ವಿಶಾಲತೆ ಅರ್ಥವಾಗುತ್ತಿದೆ. ಮಗುವಿನ ಕಾರಣಕ್ಕೆ ತಾಯಿಗಾಗಲಿ ತಂದೆಗಾಗಲಿ ತೊಂದರೆಯಾಗಬಾರದು ಎನ್ನುತ್ತದೆ ಆ ವಚನ. ಹಾಲು ಬಿಡಿಸುವ ವಿಷಯದಲ್ಲೂ ಇಬ್ಬರೂ ಸಮಾಲೋಚಿಸಿ ಒಪ್ಪಬೇಕು ಎಂದು ತಿಳಿಸುತ್ತದೆ. ಮಗುವಿಗೆ ಹಾಲುಣಿಸಲು ಇನ್ನೊಬ್ಬಳನ್ನು ನೇಮಿಸುವುದರಲ್ಲಿ ತಪ್ಪಿಲ್ಲ, ಆದರೆ ಆಕೆಗೆ ಕೊಡಬೇಕಾದುದನ್ನು ನ್ಯಾಯವಾಗಿ ಕೊಟ್ಟುಬಿಡಬೇಕು ಎನ್ನುತ್ತದೆ. ಸಮಾಲೋಚನೆ ಮತ್ತು ನ್ಯಾಯವಾದ ಪ್ರತಿಫಲ, ಮಗುವಿನ ಪಾಲನೆಗೆ ಇವೆರಡೂ ಬೇಕು. ಇದನ್ನು ವಿವರಿಸಿದಾಗ ಖಾಲಾ ಸುಮ್ಮನೆ ಕೇಳಿದರು. ಮನೆಗೆ ತಿಂಗಳಿಗೆ 600 ರೂಪಾಯಿಯಂತೆ ಮೂರು ಮನೆಯವರೂ ಕೊಡುವುದೆಂದು ಒಪ್ಪಂದವಾಯಿತು. ಖಾಲಾ ಮಗಳ ಊರಾದ ಅರಸೀಕೆರೆಗೆ ಹೋದ ದಿನ ಏನು ಗತಿ ಎಂದಾಗ ಎದುರು ಮನೆಯ ಲಿಂಗಾಯತ ಅಜ್ಜಿ, "ನಮ್ ಜಗಲಿ ಏನು ಸವೆದು ಹೋಗುತ್ತಾ? ಇಲ್ಲೇ ಬಿಡ್ರಮ್ಮ" ಎಂದರು.

ಇಂತಹ ವ್ಯವಸ್ಥೆ ಮಾಡಿಕೊಳ್ಳುವ ಸಹೋದರಿಯರು ಕೆಲವು ವಿಷಯಗಳನ್ನು ಗಮನಿಸಬೇಕು. ಮಗುವನ್ನು ಕರೆದೊಯ್ಯಬಹುದಾದವರ ಹೆಸರು ಮತ್ತು ಫೋನ್ ನಂಬರನ್ನು ಶಾಲೆಗೆ ಬರೆದು ಕೊಡಿ. ಆ ಪಟ್ಟಿಯಲ್ಲಿಲ್ಲದವರ ಜೊತೆ, ಅವರು ಸಂಬಂಧಿಕರೇ ಆಗಿರಲಿ, ನೀವು ಫೋನ್ ಮಾಡದೆ ಕಳುಹಿಸಬಾರದೆಂದು ತಿಳಿಸಿ. ಆಟೋದಲ್ಲಿ ಕಳುಹಿಸುವುದಾದರೆ ಎಷ್ಟು ಮಕ್ಕಳನ್ನು ತುಂಬುತ್ತಾರೆ ಎಂದು ಒಂದು ದಿನ ನೀವೇ ನಿಂತು ನೋಡಿ. ಮಗುವನ್ನು ಗೇಟಿನ ಬಳಿ ಇಳಿಸಿ ಹೋಗುವುದಲ್ಲ, ಒಬ್ಬರ ಕೈಗೆ ಒಪ್ಪಿಸಬೇಕು ಎಂದು ಚಾಲಕರಿಗೆ ಹೇಳಿ. ನೋಡಿಕೊಳ್ಳುವವರ ಮನೆಯ ಸಂಪಿಗೆ ಮುಚ್ಚಳವಿದೆಯೇ ಎಂದು ಕೇಳಲು ನಾಚಬೇಡಿ. ಸಂಜೆ ಮಗುವಿನ ಹತ್ತಿರ ಕುಳಿತು, ಅಲ್ಲಿ ಏನು ಮಾಡಿದೆ, ಯಾರೆಲ್ಲ ಬಂದಿದ್ದರು ಎಂದು ಮಾತಾಡಿಸಿ. ಅಲ್ಲಿಗೆ ಹೋಗಲು ಮಗು ಹೆದರಿದರೆ ಹಟವೆಂದು ಗದರದೆ ಕಾರಣ ತಿಳಿಯಿರಿ.

ಪ್ರವಾದಿ(ಸ)ಯವರ ತಾಯಿ ಆಮಿನಾ ಅವರು ಆಗ ಯಸ್‌ರಿಬ್ ಎಂದು ಕರೆಯಲ್ಪಡುತ್ತಿದ್ದ ಮದೀನಾದಿಂದ ಮರಳುವಾಗ ಅಬ್ವಾ ಎಂಬಲ್ಲಿ ತೀರಿಕೊಂಡರು. ಆಗ ಪ್ರವಾದಿ(ಸ)ಯವರಿಗೆ ಆರು ವರ್ಷ. ಜೊತೆಯಲ್ಲಿದ್ದ ಸೇವಕಿ ಉಮ್ಮು ಐಮನ್(ರ) ಆ ತಬ್ಬಲಿ ಮಗುವನ್ನು ಮಕ್ಕಾಕ್ಕೆ ಕರೆತಂದು ಅಜ್ಜ ಅಬ್ದುಲ್ ಮುತ್ತಲಿಬ್‌ರ ಕೈಗೆ ಒಪ್ಪಿಸಿದರು. ಪ್ರವಾದಿ(ಸ)ಯವರು ಅವರನ್ನು ಕೊನೆಯವರೆಗೂ ತಾಯಿಯೆಂದೇ ಗೌರವಿಸಿದರು. ಮಗುವನ್ನು ಜೋಪಾನವಾಗಿ ಮನೆ ಮುಟ್ಟಿಸುವವರಿಗೆ ನಮ್ಮ ಧರ್ಮದಲ್ಲಿ ಇರುವ ಸ್ಥಾನ ಅದು.

ಆ ಹುಡುಗಿ ಈಗ ಹತ್ತನೇ ತರಗತಿ. ಮೂರು ಗಂಟೆಗೆ ಎದ್ದು ನಿಲ್ಲುವುದಿಲ್ಲ. ಗಣಿತದಲ್ಲಿ ಇನ್ನೂ ಹಿಂದಿದ್ದಾಳೆ. ಕಳೆದುಹೋದ ಒಂದು ವರ್ಷದ ಪಾಠ ಸುಮ್ಮನೆ ಮರಳಿ ಬರುವುದಿಲ್ಲ. ಅವಳ ಹಾಗೆಯೇ ತಮ್ಮ ತಂಗಿಯರಿಗಾಗಿ ಓದನ್ನು ಕೊಡುತ್ತಿರುವ ಹೆಣ್ಣುಮಕ್ಕಳು ಬೇರೆ ಮನೆಗಳಲ್ಲೂ ಇದ್ದಾರೆ. ಅವರು ಬಾಯಿ ಬಿಟ್ಟು ಹೇಳುವುದಿಲ್ಲ. ಚಿಕ್ಕ ಮಗು ನಮಗೆ ಅಮಾನತ್ತಾದರೆ ದೊಡ್ಡ ಮಗಳೂ ಅಮಾನತ್ತೇ. ಒಂದನ್ನು ಕಾಯಲು ಇನ್ನೊಂದನ್ನು ಅಡವಿಡದಿರುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.