ಅಜ್ಜನ ಲೆಕ್ಕ, ಮೊಮ್ಮಗಳ ಲೆಕ್ಕ

ಶಿರಸಿ ಸೀಮೆಯ ಒಂದು ಮನೆಯ ಜಗಲಿ. ಪಿಯುಸಿ ಓದುವ ಹುಡುಗಿ ಚರ್ಚಾಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. ವಿಷಯ: ಅಣುವಿದ್ಯುತ್ ಬೇಕೇ, ಬೇಡವೇ? ಅವಳದು ‘ಬೇಕು’ ಎಂಬ ಪಕ್ಷ. ಎದುರಿಗೆ ಕುಳಿತ ಅಜ್ಜ, 1989ರಲ್ಲಿ ಶಿವರಾಮ ಕಾರಂತರು ಕೈಗಾ ಸ್ಥಾವರವನ್ನು ವಿರೋಧಿಸಿ ಲೋಕಸಭೆಗೆ ನಿಂತಾಗ ಮನೆಮನೆಗೆ ಹೋಗಿ ಮತ ಕೇಳಿದವರು.

ಹುಡುಗಿ ಓದಿದಳು: ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಕೊನೆಯವರೆಗೆ 962 ದಿನ ನಿಲ್ಲದೆ ನಡೆಯಿತು. ಅದರ ಸಾಮರ್ಥ್ಯ 220 ಮೆಗಾವಾಟ್. ಗುಣಿಸಿದರೆ ಸುಮಾರು 500 ಕೋಟಿ ಯೂನಿಟ್. ಇಷ್ಟನ್ನೇ ಕಲ್ಲಿದ್ದಲಿನಿಂದ ಪಡೆದರೆ, ಯೂನಿಟ್ಟಿಗೆ ಸುಮಾರು 800 ಗ್ರಾಂನಂತೆ 40 ಲಕ್ಷ ಟನ್ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತಿತ್ತು. ಗಣಿಯಿಂದ ಕಟ್ಟಡದವರೆಗೆ ಎಲ್ಲವನ್ನೂ ಸೇರಿಸಿದರೂ ಅಣುವಿದ್ಯುತ್ತಿನದು ಯೂನಿಟ್ಟಿಗೆ 12 ಗ್ರಾಂ ಎಂಬುದು ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ 2014ರ ಅಂದಾಜು. ಸೂರ್ಯ ಸಂಜೆಗೆ ಮುಳುಗುತ್ತಾನೆ. ಇದು ರಾತ್ರಿಯೂ ನಡೆಯುತ್ತದೆ.

“ಅದೇ ಘಟಕದ ಗುಮ್ಮಟ 1994ರಲ್ಲಿ, ಕಟ್ಟುವಾಗಲೇ ಕುಸಿಯಿತು. ಅದು ನಿನ್ನ ಹಾಳೆಯಲ್ಲಿ ಇದೆಯೇನೆ ಕೂಸೆ?” ಅಜ್ಜ ಕೇಳಿದರು.

ಇರಲಿಲ್ಲ. ಅಂದು ಒಳಗೆ ಇಂಧನವಿರಲಿಲ್ಲ, ವಿಕಿರಣವೂ ಇರಲಿಲ್ಲ. ಆದರೆ 1989ರಲ್ಲಿ ಆರಂಭವಾದ ಕಟ್ಟಡದಿಂದ ವಾಣಿಜ್ಯ ಉತ್ಪಾದನೆ ಶುರುವಾದದ್ದು 2000ದ ನವೆಂಬರಿನಲ್ಲಿ. ‘ಮನೆ ಕಟ್ಟಿ ನೋಡು’ ಎನ್ನುತ್ತದೆ ಗಾದೆ. ಅಣುಸ್ಥಾವರದ ಕಥೆಯೂ ಅದೇ. ಯುರೇನಿಯಂ ಅಗ್ಗ, ಕಟ್ಟಡ ದುಬಾರಿ. ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ, ಆದಾಯ ಮಾತ್ರ ಸೊನ್ನೆ. ಅಮೆರಿಕದ ವೋಗ್ಟಲ್‌ನಲ್ಲಿ 2023 ಮತ್ತು 2024ರಲ್ಲಿ ಆರಂಭವಾದ ಎರಡು ಘಟಕಗಳ ಅಂದಾಜು ವೆಚ್ಚ ಮೊದಲು ಸುಮಾರು 1,400 ಕೋಟಿ ಡಾಲರ್. ಮುಗಿಯುವಾಗ 3,000 ಕೋಟಿ ದಾಟಿತ್ತು.

“ಉರಿದ ಇಂಧನ?” ಅಜ್ಜ ಬಿಡಲಿಲ್ಲ. “ಸಾವಿರಾರು ವರ್ಷ ಕಾಯಬೇಕಾದ ಬೂದಿ ಅದು. ಕಾಯುವವರ ಸಂಬಳ ಯಾವ ಖಾತೆಗೆ?”

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಕೈಗಾದಲ್ಲಿ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳಿಗೆ 2017ರಲ್ಲೇ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದೆ. ಅವುಗಳ ಬೆಳಕು, ಸಾಲ, ಬೂದಿ ಮೂರೂ ಬರುವುದು ಅವಳ ತಲೆಮಾರಿಗೆ. ಹಾಳೆಯ ತುದಿಯಲ್ಲಿ ‘ಬೇಕು’ ಎಂಬುದನ್ನು ಅವಳು ಅಳಿಸಲಿಲ್ಲ. ಅದರ ಕೆಳಗೆ ಬರೆದಳು: ‘ಹೇಳಿದ ದಿನಕ್ಕೆ ಮುಗಿದರೆ, ಬೂದಿಯ ಖರ್ಚನ್ನು ಮೊದಲೇ ಎತ್ತಿಟ್ಟರೆ.’

ಅಜ್ಜ ಕನ್ನಡಕ ಸರಿಮಾಡಿಕೊಂಡರು. “ಹೂಂ, ಈಗ ಮೊದಲಿಂದ ಓದು,” ಎಂದರು.