ಖಾಲಿ ಜಾಗಕ್ಕೂ ಲೆಕ್ಕವಿದೆ

ಬಂಡ್ರಿಯ ಆ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಆದರೂ ಒಂದು ಸಂಜೆ ಅದರ ಪಡಸಾಲೆಯಲ್ಲಿ ಕಂಪ್ಯೂಟರ್ ಲೆಕ್ಕದ ತಪ್ಪೊಂದು ಸಿಕ್ಕಿಬಿತ್ತು. ಹಿಡಿದವರು ಹೊಲ, ಎಮ್ಮೆ ನೋಡಿಕೊಂಡಿರುವ ತಂದೆ.

ಮಗಳು ಪಿ.ಯು.ಸಿ. ಓದಲು ದಿನವೂ ಬಸ್ಸಿನಲ್ಲಿ ಸಂಡೂರಿಗೆ ಹೋಗುತ್ತಾಳೆ. ಪೈಥಾನ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಪಾಠ ಶುರುವಾದಾಗಿನಿಂದ ಅವಳಿಗೆ ಒಂದೇ ಚಿಂತೆ. ಅಕ್ಷರ ತಪ್ಪಿರುವುದಿಲ್ಲ, ಸೂತ್ರ ತಪ್ಪಿರುವುದಿಲ್ಲ. ಸಾಲಿನ ಮುಂದೆ ಬಿಟ್ಟ ಜಾಗ ಸರಿಯಿಲ್ಲವೆಂದು ಯಂತ್ರ ದೂರುತ್ತದೆ. ಈ ವಿಷಯ ತನಗೆ ಆಗಿಬರುವುದಲ್ಲವೆಂದು ಅವಳು ಬಿಡುವ ಯೋಚನೆಯಲ್ಲಿದ್ದಳು.

ಆ ದಿನ ಡೇರಿಯ ಬಟವಾಡೆಯನ್ನೇ ಲೆಕ್ಕಕ್ಕೆ ಹಾಕಿದ್ದಳು. ದಿನಕ್ಕೆ 150 ರೂಪಾಯಿಯ ಹಾಲು. ಏಳು ದಿನಕ್ಕೆ 1,050. ಹಿಂಡಿಯ ಬಾಕಿ 100 ಕಳೆದರೆ ಕೈಗೆ 950. ‘ದಿನದ ಹಣ ಕೂಡು’ ಎಂಬ ಸಾಲು ನಾಲ್ಕು ಸ್ಪೇಸ್ ಒಳಗಿತ್ತು. ‘ನೂರು ಕಳೆ’ ಎಂಬ ಸಾಲು ಕೈತಪ್ಪಿ ಎರಡು ಸ್ಪೇಸ್ ಒಳಗೆ ನಿಂತಿತ್ತು. ಯಂತ್ರ ಒಪ್ಪಲಿಲ್ಲ. ಅವಳು ಅದನ್ನು ಇನ್ನೆರಡು ಸ್ಪೇಸ್ ತಳ್ಳಿ ಮೇಲಿನ ಸಾಲಿಗೆ ಸಮ ಮಾಡಿದಳು. ದೂರು ನಿಂತಿತು. ಉತ್ತರ 350 ಎಂದು ಬಂತು. ಅದನ್ನೇ ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಂಡು ಬಂದಳು.

ಲೆಕ್ಕ ಕೇಳಿದ ತಂದೆ ತಡೆದರು: ‘ಹಿಂಡಿ ರೊಕ್ಕ ವಾರಕ್ಕ ಒಂದ್ಸಲ ಅಲ್ಲೇನವ್ವಾ? ಇದು ದಿನಾ ನೂರು ಹಿಡ್ಕೊಂಡೈತಲ್ಲ!’

ಅವರ ಮಾತು ಸರಿಯಾಗಿತ್ತು. ಪೈಥಾನಿನಲ್ಲಿ ಒಳಗೆ ಸರಿದ ಸಾಲು ಪ್ರತಿ ಸುತ್ತಿನಲ್ಲೂ ನಡೆಯುವ ಕೆಲಸ. ಅಂಚಿಗಿರುವ ಸಾಲು ಸುತ್ತು ಮುಗಿದ ಮೇಲೆ ಒಮ್ಮೆ ನಡೆಯುವ ಕೆಲಸ. ಒಳಗೆ ತಳ್ಳಿದ್ದನ್ನು ಅಂಚಿಗೆ ಎಳೆಯಬೇಕಿತ್ತು.

ಈ ನಿಯಮದ ಬಗ್ಗೆ ಪ್ರೋಗ್ರಾಂ ಬರೆಯುವವರಲ್ಲಿ ಬಹುಕಾಲದ ಜಗಳವಿದೆ. 1957ರ ಫೋರ್ಟ್ರಾನ್ ಭಾಷೆ ಪದಗಳ ನಡುವಿನ ಸ್ಪೇಸನ್ನು ಗಣನೆಗೇ ತೆಗೆದುಕೊಳ್ಳುತ್ತಿರಲಿಲ್ಲ. 1970ರ ದಶಕದಲ್ಲಿ ಬಂದ ‘ಸಿ’ ಭಾಷೆಯಲ್ಲಿ ಒಂದು ಗುಂಪಿನ ಸಾಲುಗಳನ್ನು ಪುಷ್ಪಾವರಣ ಕಟ್ಟಿಡುತ್ತದೆ. ಹಾಲೆಂಡಿನ ಗೈಡೋ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್, ಆವರಣದ ಕೆಲಸವನ್ನು ಖಾಲಿ ಜಾಗಕ್ಕೇ ಒಪ್ಪಿಸಿತು. ಮನುಷ್ಯನ ಕಣ್ಣಿಗೆ ಕಾಣುವ ಜೋಡಣೆಯೇ ಯಂತ್ರಕ್ಕೂ ಅರ್ಥವಾಗಲಿ ಎಂಬುದು ಒಂದು ಪಕ್ಷ. ಟ್ಯಾಬ್, ಸ್ಪೇಸ್ ಎರಡೂ ಪರದೆಯ ಮೇಲೆ ಒಂದೇ ರೀತಿ ಕಾಣುವಾಗ, ಕಾಣದ ಗುರುತಿಗೆ ಇಷ್ಟು ಅಧಿಕಾರವೇಕೆ ಎಂಬುದು ಇನ್ನೊಂದು ಪಕ್ಷ.

ಆವರಣದ ಭಾಷೆಯಲ್ಲೂ ಕಣ್ಣು ಮೋಸಹೋಗುತ್ತದೆ. 2014ರಲ್ಲಿ ಆಪಲ್ ಕಂಪನಿಯ ಐಫೋನಿನ ಭದ್ರತಾ ತಂತ್ರಾಂಶದಲ್ಲಿ ಒಂದೇ ಸಾಲು ಎರಡು ಸಲ ಬಿದ್ದದ್ದು ಪತ್ತೆಯಾಯಿತು. ಎರಡನೆಯದೂ ಒಳಗೆ ಸರಿದಿದ್ದರಿಂದ ಅದು ಮೇಲಿನ ಷರತ್ತಿಗೆ ಸೇರಿದಂತೆ ಕಾಣುತ್ತಿತ್ತು. ಆದರೆ ಅಲ್ಲಿ ಆವರಣ ಇರಲಿಲ್ಲ. ಯಂತ್ರ ಆ ಸಾಲನ್ನು ಷರತ್ತಿಲ್ಲದೆ ಪಾಲಿಸಿ, ಮುಂದಿನ ತಪಾಸಣೆಯನ್ನೇ ಬಿಟ್ಟುಬಿಡುತ್ತಿತ್ತು.

ಖಾಲಿ ಜಾಗದ ಬೆಲೆ ಕನ್ನಡಿಗರಿಗೆ ಹೊಸದಲ್ಲ. ಹಳೆಯ ಶಾಸನಗಳಲ್ಲಿ, ತಾಳೆಗರಿಗಳಲ್ಲಿ ಇಂದಿನಂತೆ ಪದಗಳ ನಡುವೆ ತೆರವು ಬಿಡುವ ರೂಢಿ ಇರಲಿಲ್ಲ; ಓದುವವರೇ ಪದ ಬಿಡಿಸಿಕೊಳ್ಳಬೇಕು. ‘ಕಾಲುದಾರಿ’ ಎಂದರೆ ನಡೆದುಹೋಗುವ ದಾರಿ. ನಡುವೆ ಜಾಗ ಬಿಟ್ಟು ‘ಕಾಲು ದಾರಿ’ ಎಂದರೆ ನಾಲ್ಕರಲ್ಲೊಂದು ಪಾಲು ದಾರಿ.

ಆ ತಂದೆಗೂ ಇದು ಗೊತ್ತಿರುವ ಮಾತೇ. ಕೂರಿಗೆಯಲ್ಲಿ ಬಿತ್ತಿದ ಸಾಲುಗಳ ನಡುವಿನ ಜಾಗ ಸುಮ್ಮನೆ ಬಿದ್ದದ್ದಲ್ಲ; ನಾಳೆ ಎಡೆಕುಂಟೆ ಹಾಯಲೆಂದು ಬಿಟ್ಟದ್ದು.

ಮಕ್ಕಳು ನೆನಪಿಡಬೇಕಾದದ್ದು ಇಷ್ಟೆ: ಯಂತ್ರದ ದೂರು ನಿಂತಿತೆಂದರೆ ಲೆಕ್ಕ ಸರಿಯಾಯಿತೆಂದಲ್ಲ. ಪಾಲಕರಿಗೂ ಒಂದು ಮಾತು. ಮಕ್ಕಳು ಬರೆದ ಪ್ರೋಗ್ರಾಂ ಅರ್ಥವಾಗದಿದ್ದರೂ, ಬಂದ ಉತ್ತರವೇನೆಂದು ಕೇಳಬಹುದು.

ಮರುದಿನ ಆ ಸಾಲು ಅಂಚಿಗೆ ಬಂತು. ಉತ್ತರ 950. ಹುಡುಗಿ ವಿಷಯ ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ.